ಮುಚ್ಚಳದ ಮೇಲೆ ಬರೆದದ್ದು

ಎರಡು ತೊಟ್ಟು, ಒಂದು ಕೆಂಪು, ಒಂದು ಹಸಿರು, ಹಳೇ ಪೇಪರಿನ ಮೇಲೆ ಅಕ್ಕಪಕ್ಕ ಅಗಲವಾಗುತ್ತಿವೆ, ಕೆಂಪಿಗೇ ಅವಸರ ಜಾಸ್ತಿ ಅನಿಸಿತು ಕರಿಯಣ್ಣನಿಗೆ, ಬೆರಳು ಅಡ್ಡ ಇಟ್ಟು ನಿಲ್ಲಿಸಲು ಹೋಗಿ ಕೈ ಹಿಂದಕ್ಕೆಳೆದುಕೊಂಡ, ಮುದಸ್ಸಿರ್ ನೋಡಿದನೋ ಏನೋ, ಮಂಡಿಪೇಟೆಯ ಹಿಂದಿನ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ ಬಿಡಿಭಾಗ ಮಾರುವವನ ಕಣ್ಣಿಗೆ ಏನು ತಪ್ಪೀತು — ಎರಡೂ ಸ್ಟೇರಿಂಗ್ ಎಣ್ಣೆನೇ ರೀ ಕರಿಯಣ್ಣ, ಆದ್ರೆ ನಿಮ್ಮ ಗಾಡಿಗೆ ಹಸಿರೇ ಆಗ್ಬೇಕು, ಲಾರಿ ಟ್ರ್ಯಾಕ್ಟರ್‌ಗೆ ಹಾಕೋ ಕೆಂಪು ಇದಕ್ಕೆ ಬ್ಯಾಡ, ಹಾಕಿದ್ರೆ ಒಳಗಿನ ರಬ್ಬರ್ ಸೀಲು ಹದಿನೈದಿಪ್ಪತ್ತು ದಿನದಾಗೆ ನೆನೆದ ಅವಲಕ್ಕಿ ಹಂಗೆ ಉಬ್ಬಿ ಮೆತ್ತಗಾಗ್ತವೆ, ಎಣ್ಣೆ ಸೋರ್ತದೆ, ಮೊದ್ಲು ಕುಂಯ್ ಅಂತದೆ, ಆಮೇಲೆ ಬಿಗಿ, ಆಮೇಲೆ ಒಂದಿನ ತಿರುಗೋದೇ ಇಲ್ಲ. ಕುಂಯ್. ಇಂಥಾ ಸಣ್ಣ ಮಾತು ಇವನಿಗೆ ಹೇಗೆ ಗೊತ್ತು, ಇವನೇನು ನಮ್ಮ ಅಂಗಳದಲ್ಲಿ ನಿಂತು ಕೇಳಿಸಿಕೊಂಡಿದ್ದನೇ. ಎಣ್ಣೆ ಡಬ್ಬಿ ಮುಚ್ಚಳ ತಂದೀರೇನು, ಯಾವ ಎಣ್ಣೆ ಅಂತ ಅದ್ರ ಮೇಲೇ ಬರೆದಿರ್ತದೆ. ತಂದಿದ್ದಾನೆ, ಅಂಗಿಯ ಜೇಬಿನಲ್ಲಿ ಎದೆಗೆ ಒತ್ತುತ್ತಿರುವುದು ಅದೇ, ಕೊಡಬಾರದಿತ್ತು, ಕೊಟ್ಟ. ಮುದಸ್ಸಿರ್ ಕನ್ನಡಕ ಮೇಲೆತ್ತಿ ಓದಿದ, ತಿರುಗಿಸಿದ, ನಕ್ಕ — ಇದು ಆ ಗಾಡೀದೇ ಅಲ್ಲ ರೀ, ಯಾವುದೋ ಬ್ಯಾರೆ ಗಾಡಿ ಮುಚ್ಚಳ, ಗುಜರಿ ಮಾಲು, ಯಾರು ಹಾಕಿದ್ರು ಇದನ್ನ, ನಿಮಗೆ ಮಾರಿದೋನೇ ಇರ್ಬೇಕು, ಸೆಕೆಂಡ್ ಹ್ಯಾಂಡ್ ಗಾಡಿ ಹಣೆಬರಹವೇ ಇಷ್ಟು. ಹೂಂ, ಅಂದ ಕರಿಯಣ್ಣ. ಎಷ್ಟು ಸಲೀಸಾಗಿ ಬಂತು ಆ ಹೂಂ, ನಾಲಿಗೆಗೆ ಎಣ್ಣೆ ಸವರಿದ ಹಾಗೆ. ಹಸಿರು ಬಾಟಲಿ ಚೀಲಕ್ಕೆ ಹಾಕಿಕೊಂಡು ಹೊರಗೆ ಬಂದ.

ಸಿಟಿ ಬಸ್ಸು, ಕಿಟಕಿಯ ಪಕ್ಕದ ಸೀಟು, ಆವರಗೆರೆಯ ಮನೆಗೆ ಅರ್ಧ ಗಂಟೆಯಾದರೂ ಬೇಕು, ಇಷ್ಟು ಹೊತ್ತು ತಲೆಯೊಳಗೇ ಕೂತಿರಬೇಕಲ್ಲ. ಆ ಮುಚ್ಚಳ ಹಾಕಿದ್ದು ಮಾರಿದವನು ಅಲ್ಲ, ನಾನು. ಮಗಳು ಕಾರು ತಂದ ಮೊದಲ ಭಾನುವಾರ, ಹೆಂಡತಿ ಓಬವ್ವ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ, ಮಗಳ ಗಾಡಿಗೆ ಯಾರ ಕಣ್ಣೂ ಬೀಳದಿರ್ಲಿ ಅಂದಳು, ಇವನು ಆಮೇಲೆ ಬಾನೆಟ್ಟೆತ್ತಿ ತೊಳೆಯಲು ಹೋಗಿ ಎಣ್ಣೆ ಡಬ್ಬಿಯ ಮುಚ್ಚಳ ಬಿಗಿಯಾಯಿತೆಂದು ಇಕ್ಕಳ ಹಾಕಿ ತಿರುವಿದ, ಟಪ್ ಅಂತ ಸೀಳಿತು — ಮೂವತ್ತೊಂದು ವರ್ಷ ಲಾರಿ ಓಡಿಸಿದ ಕೈ, ನಯ ಎಲ್ಲಿಂದ ಬರಬೇಕು. ಮಗಳಿಗೆ ಹೇಳಲಿಲ್ಲ. ಗುಜರಿ ಅಂಗಡಿಯ ರಾಶಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಹಾಕಿ ನೋಡಿದ, ಹತ್ತೋ ಹನ್ನೊಂದನೆಯದೋ ಸರಿಯಾಗಿ ಕೂತಿತು, ಕೂತಿತಲ್ಲ, ಅಷ್ಟೇ ಸಾಕು ಅಂದುಕೊಂಡ. ಮೂರು ದಿನ ಬಿಟ್ಟು ಎಣ್ಣೆ ಗೀಟಿಗಿಂತ ಕೆಳಗಿದೆ ಅನಿಸಿದಾಗ ಆ ಮುಚ್ಚಳದ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ, ಚೀಟಿಯಲ್ಲಿ ಬರೆದುಕೊಂಡ, ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ ಚೀಟಿ ತೋರಿಸಿ ಕೆಂಪು ತಂದ, ತುಂಬ ಸುರಿದ. ತಾನೇ ಎಲ್ಲಿಂದಲೋ ತಂದು ತಿರುವಿದ ಮುಚ್ಚಳ, ಅದರ ಮಾತನ್ನೇ ವೇದ ಅಂತ ನಂಬಿದ, ಎಂಥಾ ಬುದ್ಧಿವಂತ! ಆವತ್ತು ಎಷ್ಟು ಹೆಮ್ಮೆ, ಓದು ಬರದವನು ಅಂತೀರಲ್ಲ, ನೋಡ್ರಿ, ಓದೇ ಹಾಕೀನಿ. ಆಮೇಲೆ ಸುಷ್ಮಾ, ಹರಿಹರದ ಆಸ್ಪತ್ರೆಯಲ್ಲಿ ನರ್ಸು, ಪಾಳಿಯ ಹೊತ್ತಿಗೆ ಬಸ್ಸು ಸಿಗುವುದಿಲ್ಲ ಅಂತಲೇ ಗಾಡಿ ತಗೊಂಡವಳು, ಒಂದು ಸಂಜೆ ಬಂದು ಅಂದಳು, ಅಪ್ಪ, ಸ್ಟೇರಿಂಗ್ ಯಾಕೋ ಕುಂಯ್ ಅಂತೈತೆ, ಬಿಗಿ ಆಗೈತೆ, ತಿರುಗ್ಸಾಕೆ ಆಗವಲ್ದು. ಇವನು ನಕ್ಕ. ಪವರ್ ಇಲ್ಲದ ಲಾರಿ ಓಡಿಸೀನವ್ವ ನಾನು, ಹತ್ತು ಟನ್ ಲೋಡು, ಗಾಡಿ ಸರಿಯಾಗೇ ಐತೆ, ನಿನ್ನ ಕೈಯಾಗೆ ಕಸುವಿಲ್ಲ, ಮುದ್ದೆ ಉಣ್ಣು. ಅವಳೂ ನಕ್ಕಳು. ಮರುದಿನ ಗಾಡಿ ನಿಂತ ಜಾಗದಲ್ಲಿ ನೆಲದ ಮೇಲೆ ಕೆಂಪು ಕಲೆ, ಅಂಗೈಯಗಲ, ಇವನೇ ಒಂದು ಬೊಗಸೆ ಮಣ್ಣು ಹಾಕಿ ಕಾಲಿಂದ ತಿಕ್ಕಿದ. ಯಾಕೆ ತಿಕ್ಕಿದೆ, ಗೊತ್ತಿತ್ತೇನು ನಿನಗೆ, ಗೊತ್ತಿರಲಿಲ್ಲ, ಸೋರುತ್ತಿದೆ ಅಂತ ಮಾತ್ರ ಗೊತ್ತಿತ್ತು, ಭಾನುವಾರ ನೋಡಿದರಾಯಿತು ಅಂದುಕೊಂಡೆ, ಭಾನುವಾರಕ್ಕೆ ಇನ್ನೂ ಮೂರು ದಿನ ಇತ್ತು.

ಶುಕ್ರವಾರ. ಹರಿಹರದ ಸೇತುವೆಗೆ ಮುಂಚಿನ ತಿರುವು, ಬಿಸಿಲಿನ್ನೂ ಇತ್ತು, ಪಾಳಿ ಮುಗಿಸಿ ಬರುತ್ತಿದ್ದಳು, ಎದುರಿಗೆ ಬಸ್ಸು, ತಿರುವಿದಳು, ತಿರುಗಲಿಲ್ಲ, ಗಾಡಿ ನೇರ ರಸ್ತೆ ಬದಿಗೆ ನುಗ್ಗಿತು, ಅಲ್ಲಿ ಮುದುಕಿ ದಿಲ್ಷಾದ್ ಬೇಗಂ ಮಂಡಕ್ಕಿಯ ತಳ್ಳುಗಾಡಿ ನಿಲ್ಲಿಸಿಕೊಂಡು ಸೇರಿನಲ್ಲಿ ಅಳೆಯುತ್ತಿದ್ದಳಂತೆ. ಇವನು ಯಾರದೋ ಬೈಕಿನ ಹಿಂದೆ ಕೂತು ಹೋಗಿ ತಲುಪುವಷ್ಟರಲ್ಲಿ ಮುದುಕಿಯನ್ನು ಎತ್ತಿಕೊಂಡು ಹೋಗಿದ್ದರು, ಸುಷ್ಮಾಳೇ ಆಕೆಯ ತಲೆ ಮಡಿಲಲ್ಲಿ ಇಟ್ಟುಕೊಂಡು ಜೊತೆಗೆ ಹೋಗಿದ್ದಳು, ಉಳಿದದ್ದು ರಸ್ತೆ ತುಂಬ ಮಂಡಕ್ಕಿ, ಬೆಳ್ಳಗೆ, ಮಲ್ಲಿಗೆ ಚೆಲ್ಲಿದ ಹಾಗೆ, ಕಾರಿನ ಮೂತಿಯಿಂದ ತೊಟ್ಟು ತೊಟ್ಟು ಕೆಂಪು, ಒಂದು ಮಂಡಕ್ಕಿ ಹೀರಿತು, ಪಕ್ಕದ್ದಕ್ಕೆ ಕೊಟ್ಟಿತು, ಅದು ಅದರ ಪಕ್ಕದ್ದಕ್ಕೆ. ಅಯ್ಯೋ ರಕ್ತ ನೋಡ್ರಿ, ಅಂದರು ಜನ. ಅಷ್ಟು ಜನರಲ್ಲಿ ಅದು ರಕ್ತ ಅಲ್ಲ ಅಂತ ಗೊತ್ತಿದ್ದವನು ಕರಿಯಣ್ಣ ಒಬ್ಬನೇ, ಬಗ್ಗಿ ಒಂದು ಕಾಳು ಎತ್ತಿದ, ಮೂಸಿದ, ಪಂಚೆಗೆ ಒರೆಸಿಕೊಂಡ. ಮುದುಕಿಯ ಮೈಮೇಲೆ ಗಾಯವೇ ಇರಲಿಲ್ಲವಂತೆ, ತಲೆಯೊಳಗೇ ಆಗಿತ್ತು, ನಾಲ್ಕನೆಯ ದಿನ ಹೋದಳು. ಗಾಡಿ ನೋಡಲು ಬಂದ ಇನ್ಸ್‌ಪೆಕ್ಟರು ಸಿಗರೇಟು ಸೇದುತ್ತಾ ಬರೆದುಕೊಂಡ, ಪೈಪು ಡಿಕ್ಕಿಯಿಂದ ಒಡೆದಿದೆ, ಮೊದಲಿನಿಂದ ದೋಷವಿಲ್ಲ. ಪಕ್ಕದಲ್ಲೇ ನಿಂತಿದ್ದೆನಲ್ಲ, ಬಾಯಿ ಬಿಡಬಹುದಿತ್ತಲ್ಲ. ಹೆದರಿದೆ, ಜೈಲಿಗಲ್ಲ, ಮಗಳು ತಿರುಗಿ ನೋಡುತ್ತಾಳಲ್ಲ, ಆ ನೋಟಕ್ಕೆ. ಅವಳೇ ಸ್ಟೇಷನ್ನಿನಲ್ಲಿ ತಲೆ ತಗ್ಗಿಸಿ ಬರೆಸಿದಳು, ಸರ್, ಸ್ಟೇರಿಂಗ್ ಬಿಗಿ ಅನಿಸ್ತು, ಆದ್ರೆ ಗಾಡಿ ಸರಿಯಾಗೇ ಇತ್ತು, ನಮ್ಮಪ್ಪ ನೋಡಿದ್ರು, ನನ್ನ ಕೈಯಾಗೆ ಕಸುವಿರ್ಲಿಲ್ಲ. ಇವನ ಮಾತು, ಇವನು ನಗುತ್ತಾ ಆಡಿದ ಮಾತು, ಪೊಲೀಸರ ಕಾಗದದಲ್ಲಿ ಅವಳ ಸಹಿಯ ಮೇಲೆ ಕೂತಿದೆ. ನಾಳೆ ಹರಿಹರದ ಕೋರ್ಟು. ತಪ್ಪು ಒಪ್ಪಿಕೊಂಡ್ರೆ ಶಿಕ್ಷೆ ಕಡಿಮೆ ಆಗ್ಬಹುದು, ಕೆಲ್ಸ ಉಳಿಯೋದು ಮಾತ್ರ ಹೇಳಾಕೆ ಬರಲ್ಲ, ಅಂದಿದ್ದಾರೆ ವಕೀಲರು, ಅವಳು ಒಪ್ಕೋತೀನಿ ಅಂದುಬಿಟ್ಟಿದ್ದಾಳೆ. ಇವತ್ತು ಸಂಜೆ ಹೇಳಬೇಕು. ಇವತ್ತು ಹೇಳದಿದ್ದರೆ ಇನ್ನು ಯಾವತ್ತು.

ಅಂಗಳ, ಗಾಡಿ, ಗ್ಯಾರೇಜಿನ ಕೊಟ್ಟೂರೇಶ್ ಬೆಳಿಗ್ಗೆ ಪೈಪು, ಸೀಲು, ಮುಚ್ಚಳ ಎಲ್ಲ ಹೊಸದು ಹಾಕಿ ಒಂದು ತೊಟ್ಟೂ ಇಲ್ಲದ ಹಾಗೆ ತೊಳೆದು ಬಿಟ್ಟುಹೋಗಿದ್ದಾನೆ, ಎಣ್ಣೆ ನೀವೇ ತಂದು ಹಾಕ್ಕೊಳ್ರಿ, ಲಾರಿ ಹೊಡೆದೋರಿಗೆ ಹೇಳ್ಕೊಡ್ಬೇಕೇನು ಅಂತ. ಅದೇ ಗಾಡಿಯಲ್ಲಿ ನಾಳೆ ಹೋಗುವುದು, ನೀನೇ ಓಡ್ಸಪ್ಪ ಅಂದಿದ್ದಾಳೆ ಸುಷ್ಮಾ. ಹಸಿರು ಎಣ್ಣೆ ಗುಳುಗುಳು ಅಂತ ಇಳಿಯಿತು, ಎಷ್ಟು ತಿಳಿ, ಎಷ್ಟು ಪಾಪ ಇಲ್ಲದ ಬಣ್ಣ, ಇಂಜಿನ್ನು ಚಾಲೂ ಮಾಡಿ ಚಕ್ರ ಆ ಕಡೆ ಈ ಕಡೆ ಎಳೆದ, ಬೆಣ್ಣೆ. ಹೇಳು, ಈಗ, ಅವಳು ಬಾಗಿಲಿಗೆ ಬಂದಿದ್ದಾಳೆ, ಸೊರಗಿದ್ದಾಳೆ, ತಿಂಗಳಿಂದ ಆ ಗಾಡಿ ಮುಟ್ಟದವಳು ಹತ್ತಿರ ಬಂದು ಕಿಟಕಿಯಿಂದ ಕೈ ಚಾಚಿ ಒಂದೇ ಬೆರಳಲ್ಲಿ ಸ್ಟೇರಿಂಗ್ ತಿರುವಿದಳು. ತಿರುಗಿತು. ಇನ್ನೊಮ್ಮೆ ತಿರುವಿದಳು. ಅಪ್ಪ, ಎಷ್ಟು ಹಗುರ ಐತೆ. ಹೂಂ. ಅವತ್ತು ಹಿಂಗಿರ್ಲಿಲ್ಲಪ್ಪ, ಕಲ್ಲು ಹಿಡ್ಕೊಂಡಂಗಿತ್ತು. ಬಾನೆಟ್ಟಿನ ಕಡೆ ಬಂದಳು, ಖಾಲಿ ಬಾಟಲಿ ಎತ್ತಿ ನೋಡಿದಳು, ಮೊದ್ಲು ಯಾವುದು ಹಾಕಿದ್ದಿ? ಕೇಳಿದ್ದಾಳೆ, ಅವಳಾಗಿಯೇ ಬಾಗಿಲು ತೆರೆದು ನಿಂತಿದ್ದಾಳೆ, ಒಂದೇ ಮಾತು, ಕೆಂಪು ಅಂದರೆ ಮುಗಿಯಿತು, ನಾಳೆ ನಾನು ಕಟಕಟೆ ಹತ್ತುತ್ತೇನೆ, ನನ್ನ ವಯಸ್ಸಿಗೆ ಇನ್ನೇನು ಬೇಕಾಗಿದೆ, ಮಗಳು ಉಳಿಯುತ್ತಾಳೆ, ಹೇಳು ಕರಿಯ, ಹೇಳು — ಇದನ್ನೇ, ಅಂತು ಬಾಯಿ. ಇದನ್ನೇ ಕಣವ್ವ, ಇದೇ ಹಸಿರು. ಸುಷ್ಮಾ ಬಾಟಲಿ ಕೆಳಗಿಟ್ಟಳು. ಎರಡೂ ಅಂಗೈ ಮೇಲೆ ಮಾಡಿ ಬೇರೆಯವರವು ಅನ್ನುವ ಹಾಗೆ ನೋಡಿಕೊಂಡಳು. ಹಂಗಾರೆ ನನ್ನ ಕೈಯೇ, ಅಂದಳು. ಕರೆಯಬೇಕು, ಸುಷ್ಮಾ ಅನ್ನಬೇಕು, ಅವಳಿನ್ನೂ ಹೊಸ್ತಿಲು ದಾಟಿಲ್ಲ, ನಾಲ್ಕು ಹೆಜ್ಜೆ ಇದೆ, ಮೂರು, ಕೈ ಬಾನೆಟ್ಟು ಇಳಿಸಿ ಮುಚ್ಚಿತು, ಕಣ್ಣ ಮುಂದೆ ಬೆಳ್ಳಗೆ ರಸ್ತೆ ತುಂಬ, ಒಂದು ಮಂಡಕ್ಕಿ ಕೆಂಪಾಯಿತು, ಅದರ ಪಕ್ಕದ್ದು, ಅದರ ಪಕ್ಕದ್ದು, ಒಂದು ಮಂಡಕ್ಕಿ