ಶಾಯಿಯ ಗೆರೆ, ಹಿತ್ತಾಳೆಯ ಅಳತೆ

ಹಾಲೆಟ್ ದ್ವೀಪದಲ್ಲಿ ಲಾಬ್‌ಸ್ಟರ್ ಹಿಡಿಯುವವರು ಮದುವೆಯ ಉಂಗುರವನ್ನಾದರೂ ಮನೆಯಲ್ಲಿ ಬಿಟ್ಟು ಬಂದಾರು, ಜೇಬಿನ ಹಿತ್ತಾಳೆಯ ಅಳತೆಪಟ್ಟಿಯನ್ನು ಬಿಟ್ಟು ದೋಣಿ ಹತ್ತುವುದಿಲ್ಲ. ಪಟ್ಟಿಯ ಎರಡು ಕೊಕ್ಕೆಗಳ ನಡುವೆ ಮೂರೂಕಾಲು ಇಂಚು. ಬೆನ್ನಿನ ಚಿಪ್ಪು ಅಷ್ಟಕ್ಕಿಂತ ಕಿರಿದಾದರೆ ಲಾಬ್‌ಸ್ಟರ್ ವಾಪಸ್ ನೀರಿಗೆ. ಕೂದಲೆಳೆಯಷ್ಟು ಕಡಿಮೆಯಾದರೂ ನೀರಿಗೇ. ಅಳತೆಯಲ್ಲಿ ಮೋಸ ಮಾಡಿದವನಿಗೆ ಆ ದ್ವೀಪದಲ್ಲಿ ಹೆಣ್ಣು ಕೊಡುವುದಿರಲಿ, ಹಗ್ಗ ಸಾಲ ಕೊಡುವವರೂ ಇಲ್ಲ.

ಲೋರ್ನಾ ಇಪ್ಪತ್ತು ವರ್ಷದಿಂದ ಸ್ವಂತ ದೋಣಿ ನಡೆಸುವವಳು. ಕೈಗೆ ಏನು ಸಿಕ್ಕರೂ ಪಟ್ಟಿ ಹಿಡಿದು ನೋಡುವ ಚಾಳಿ ಅವಳದು. ಗಂಡ ವಾರವಿಡೀ ಆಚೆ ದಡದ ದೋಣಿ ಕಾರ್ಖಾನೆಯಲ್ಲಿ ಇರುತ್ತಿದ್ದ. ಮನೆಯಲ್ಲಿ ಅವಳು, ಅವಳ ತಾಯಿ ಆರ್ವಿಲ್ಲಾ, ಒಂಬತ್ತು ವರ್ಷದ ಮಗಳು ಟ್ಯಾನ್ಸಿ. ಆ ಜುಲೈ ತಿಂಗಳಲ್ಲಿ ಮೂವರಿಗೂ ತಲೆಯಲ್ಲಿ ಇದ್ದದ್ದು ಒಂದೇ ವಿಷಯ: ಶನಿವಾರದ ಮಕ್ಕಳ ಹುಟ್ಟುದೋಣಿ ಪಂದ್ಯ. ಗೆದ್ದ ಮಗು ಮಧ್ಯಾಹ್ನ ದೊಡ್ಡವರ ದೋಣಿ ಪಂದ್ಯ ಶುರುಮಾಡುವ ಬಾವುಟ ಇಳಿಸುತ್ತದೆ. ಲೋರ್ನಾ ಇಳಿಸಿದ್ದಳು, ಅವಳ ತಾಯಿಯೂ ಇಳಿಸಿದ್ದಳು. ಹತ್ತು ತುಂಬಿದವರಿಗೆ ಪಂದ್ಯದಲ್ಲಿ ಜಾಗವಿಲ್ಲ, ಹಾಗಾಗಿ ಟ್ಯಾನ್ಸಿಗೆ ಇದೇ ಕೊನೆಯ ಸಲ. ಹೋದ ವರ್ಷ ಅಂಚೆ ಕಚೇರಿಯವರ ಮಗಳು ಬ್ರಾಯರ್ ಒಂದು ಹುಟ್ಟಿನಷ್ಟು ಮುಂದೆ ಹೋಗಿ ಗೆದ್ದಿದ್ದಳು. ಆ ಒಂದು ಹುಟ್ಟಿನ ಮಾತು ಇವರ ಮನೆಯಲ್ಲಿ ಚಳಿಗಾಲ ಪೂರ್ತಿ ನಡೆದಿತ್ತು.

ಮಂಗಳವಾರ ಸಂಜೆ ಸ್ನಾನ ಮಾಡಿಸುವಾಗ ಲೋರ್ನಾಳ ಕಣ್ಣಿಗೆ ಅದು ಬಿತ್ತು. ಮಗಳ ಎಡತೊಡೆಯ ಮೇಲೆ, ಮಂಡಿಗಿಂತ ಒಂದು ಗೇಣು ಮೇಲಕ್ಕೆ, ಕೆಂಪಗೆ ಒಂದು ಕಲೆ. ನೋವಿಲ್ಲ, ತುರಿಕೆಯಿಲ್ಲ. ಆ ಕಡೆಯವರಿಗೆ ಜಿಂಕೆಯ ಉಣುಗು ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಗಸಗಸೆ ಕಾಳಿನಷ್ಟಿರುವ ಮರಿ ಉಣುಗು ಕಚ್ಚಿ, ಕುಡಿದು, ಬಿದ್ದುಹೋದ ಮೇಲೂ ಗೊತ್ತಾಗುವುದಿಲ್ಲ. ಪಕ್ಕದ ಮನೆಯ ಮುದುಕ ಎಫ್ರೇಮ್, ಆ ಉಣುಗು ಕಚ್ಚಿ ಬರುವ ಲೈಮ್ ಕಾಯಿಲೆಯನ್ನು ನಾಳೆ ನೋಡೋಣ, ನಾಡಿದ್ದು ನೋಡೋಣ ಎಂದು ಬೇಸಿಗೆ ಕಳೆದದ್ದಕ್ಕೆ ಅರ್ಧ ಮುಖ ಜೋತುಬಿದ್ದು, ಮಂಡಿ ಕುಂಬಳಕಾಯಿಯಾಗಿ, ಒಂದು ವರ್ಷ ದೋಣಿ ಹತ್ತಿರಲಿಲ್ಲ.

ದ್ವೀಪದ ದವಾಖಾನೆಯ ನರ್ಸ್ ವಿನ್ನಿ ಲೋರ್ನಾಳ ಜೊತೆ ಓದಿದವಳು. ಆ ಸಂಜೆಯೇ ಕರೆತಂದ ಮಗುವಿನ ಕಲೆಯನ್ನು ಒತ್ತಿ, ಬಗ್ಗಿ, ಬೆಳಕಿಗೆ ಹಿಡಿದು ನೋಡಿದಳು. ಇದು ಲೈಮ್ ಇರಬಹುದು, ಕಪ್ಪು ನೊಣ ಕಚ್ಚಿದ್ದೂ ಇರಬಹುದು, ಓಕ್ ಮರದ ಕಂಬಳಿಹುಳು ಸವರಿಕೊಂಡು ಹೋದದ್ದೂ ಇರಬಹುದು, ಇನ್ನೂ ಚಿಕ್ಕದಿದೆ, ಹೇಳಲಾಗದು ಎಂದಳು. ಇಷ್ಟು ಬೇಗ ರಕ್ತ ಪರೀಕ್ಷೆ ಮಾಡಿಸಿದರೆ ಅದು ಏನೂ ತೋರಿಸುವುದಿಲ್ಲ. ಸಾಮಾನ್ಯವಾಗಿ ಮಕ್ಕಳಿಗೆ ಕೊಡುವ ಗುಲಾಬಿ ಔಷಧಿ ಟ್ಯಾನ್ಸಿಗೆ ಒಗ್ಗದು. ಕೂಸಾಗಿದ್ದಾಗ ಅದನ್ನು ಕುಡಿಸಿ ಮೈತುಂಬ ದದ್ದು ಎದ್ದಿತ್ತು. ಉಳಿದದ್ದು ಇನ್ನೊಂದು ಮಾತ್ರೆ.

"ಇವತ್ತೇ ಶುರು ಮಾಡು ಅಂದ್ರೆ ಡಾಕ್ಟರ್‌ಗೆ ಫೋನ್ ಮಾಡ್ತೀನಿ. ಕಾಯ್ತೀನಿ ಅಂದ್ರೆ ಸುತ್ತ ಗೆರೆ ಎಳೀತೀನಿ. ಗೆರೆ ದಾಟ್ತು ಅಂದ್ರೆ ಮತ್ತೆ ಮಾತೇ ಇಲ್ಲ, ಮಾತ್ರೆ," ಎಂದಳು ವಿನ್ನಿ. "ತಾಯಿ ನೀನು, ಹೇಳು."

ಲೋರ್ನಾ ಕಾಯುತ್ತೇನೆ ಎಂದಳು. ವಿನ್ನಿ ಅಳಿಸದ ಕಪ್ಪು ಶಾಯಿಯಲ್ಲಿ ಕಲೆಯ ಅಂಚಿಗೇ ಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆದಳು. ಲೋರ್ನಾಳ ಕೈ ಸುಮ್ಮನಿರಲಿಲ್ಲ. ಜೇಬಿನಿಂದ ಪಟ್ಟಿ ತೆಗೆದು ಕಲೆಯ ಮೇಲೆ ಇಟ್ಟೇಬಿಟ್ಟಳು. ಎರಡು ಕೊಕ್ಕೆಗಳ ನಡುವೆ ಅರ್ಧ ಜಾಗವೂ ತುಂಬಲಿಲ್ಲ.

"ಸಣ್ಣದು. ವಾಪಸ್ ನೀರಿಗೆ," ಎಂದಳು. ಟ್ಯಾನ್ಸಿ ಬಿದ್ದು ಬಿದ್ದು ನಕ್ಕಳು.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ರಾತ್ರಿ ಊಟದ ಮೇಜಿನಲ್ಲಿ ಆರ್ವಿಲ್ಲಾಗೆ ಹಳೆಯ ಕಥೆ ನೆನಪಾಯಿತು. ಈ ಮುದುಕಿಗೆ ಕಥೆ ನೆನಪಾಗಲು ಹೊತ್ತು ಗೊತ್ತು ಬೇಡ. ಹೋದ ಬೇಸಿಗೆ ಅದೇ ಮಾತ್ರೆ ನುಂಗಿ ಚರ್ಚಿನ ವನಭೋಜನಕ್ಕೆ ಹೋದದ್ದು, ಒಂದೇ ಗಂಟೆಯ ಬಿಸಿಲಿಗೆ ಎರಡು ತೋಳೂ ಬೆಂದ ಲಾಬ್‌ಸ್ಟರ್‌ನಂತೆ ಕೆಂಪಾಗಿ ಬೊಬ್ಬೆ ಎದ್ದದ್ದು, ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದಳು. ಆ ಮಾತ್ರೆ ನುಂಗಿದವರು ಕಿಟಕಿಯ ಒಳಗೇ ಕೂರಬೇಕು ಎಂದು ಮುಗಿಸಿದಳು. ಟ್ಯಾನ್ಸಿ ಮೀನಿನ ಸಾರಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಬುಧವಾರ ಬೆಳಿಗ್ಗೆ ಕಲೆ ಗೆರೆಯ ಒಳಗೇ ಇತ್ತು. ಗುರುವಾರವೂ ಒಳಗೇ ಇತ್ತು. ಮನೆಯಲ್ಲಿ ಹಬ್ಬದ ಕಳೆ ಬಂತು. ಆರ್ವಿಲ್ಲಾ ಮೊಮ್ಮಗಳ ಹುಟ್ಟುದೋಣಿಗೆ ಹೊಸದಾಗಿ ಹಳದಿ ಬಣ್ಣ ಬಳಿದಳು. ಲೋರ್ನಾ ಮಧ್ಯಾಹ್ನವೇ ಬಲೆಪೆಟ್ಟಿಗೆ ಎತ್ತುವುದನ್ನು ಮುಗಿಸಿ ಬಂದು ಮಗಳಿಗೆ ತಿರುವು ತೆಗೆದುಕೊಳ್ಳುವುದನ್ನು ಕಲಿಸಿದಳು.

ಗುರುವಾರ ಒಂದು ಸಂಗತಿ ಅವಳ ಕಣ್ಣಿಗೆ ಬಿದ್ದಿತ್ತು, ಅದನ್ನು ಮುಚ್ಚಿಡುವುದು ಬೇಡ. ಗೆರೆಯ ಪಕ್ಕದ ತಾರೀಖು ಕಾಣಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡಳು. ಗೆರೆ ಉಳಿದು ತಾರೀಖು ಮಾತ್ರ ಹೇಗೆ ಹೋದೀತು ಎಂದು ಮನಸ್ಸು ಕೇಳಿತು. ಲೋರ್ನಾ ಅದಕ್ಕೆ ಉತ್ತರ ಕೊಡದೆ ಮಗಳ ಚಡ್ಡಿಯ ಅಂಚು ಎಳೆದು ಕಲೆ ಮುಚ್ಚಿ, ನಡಿ ನಡಿ, ಉಬ್ಬರ ಇಳಿಯುವ ಮೊದಲು ಇನ್ನೊಂದು ಸುತ್ತು ಎಂದಳು.

ಶುಕ್ರವಾರ ಸಂಜೆ ಟ್ಯಾನ್ಸಿ ಹುಟ್ಟು ಹಾಕಿದ್ದನ್ನು ನೋಡಿದವರು ಈಗಲೂ ಹೇಳುತ್ತಾರೆ. ದೋಣಿಕಟ್ಟೆಯಿಂದ ಹೊರಟು, ನೀರಲ್ಲಿ ತೇಲುವ ಗುರುತಿನ ಕೆಂಪು ಬೋಯಾ ಸುತ್ತಿ, ಮತ್ತೆ ಕಟ್ಟೆಗೆ. ಪಕ್ಕದಲ್ಲಿ ಬ್ರಾಯರ್ ಕೂಡ ಅಭ್ಯಾಸಕ್ಕೆ ಇಳಿದಿದ್ದಳು. ಟ್ಯಾನ್ಸಿ ಅವಳನ್ನು ಎರಡು ದೋಣಿಯಷ್ಟು ಹಿಂದೆ ಹಾಕಿ ಬಂದಳು. ಕಟ್ಟೆಯ ಮೇಲಿದ್ದ ಗಂಡಸರು ಬಕೆಟ್ಟು ಬಡಿದರು. ಲೋರ್ನಾಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ; ಮಗಳನ್ನು ದೋಣಿಯಿಂದ ಎತ್ತಿ ಪೀಪಾಯಿಯ ಮೇಲೆ ಕೂರಿಸಿ, ಒದ್ದೆ ಕೆನ್ನೆಗೆ ಮುತ್ತಿಟ್ಟು, ಆ ಸಂಭ್ರಮದಲ್ಲೇ ತಮಾಷೆಗೆಂದು ಪಟ್ಟಿ ತೆಗೆದು ಕಲೆಯ ಮೇಲಿಟ್ಟಳು.

ಎರಡು ಕೊಕ್ಕೆಗಳ ನಡುವೆ ಬಿಳಿ ಚರ್ಮ ಒಂದೆಳೆಯೂ ಇರಲಿಲ್ಲ. ಕೆಂಪು ಆಚೆ ಈಚೆ ಹೊರಗೇ ಬಂದಿತ್ತು. ಅದರ ಸುತ್ತಲೂ, ಅಂಚಿಗೆ ಸರಿಯಾಗಿ, ಕಪ್ಪು ಗೆರೆ ನೆಟ್ಟಗೆ ಇತ್ತು.

ಲೋರ್ನಾ ಇನ್ನೊಮ್ಮೆ ಇಟ್ಟು ನೋಡಿದಳು. ಇಪ್ಪತ್ತು ವರ್ಷದಲ್ಲಿ ಆ ಪಟ್ಟಿ ಸುಳ್ಳು ಹೇಳಿರಲಿಲ್ಲ.

"ಟ್ಯಾನ್ಸಿ, ಗೆರೆ ಯಾರು ಎಳೆದಿದ್ದು?"

ಟ್ಯಾನ್ಸಿ ನೀರು ನೋಡಿದಳು. ಆಮೇಲೆ ಬಾಯಿಬಿಟ್ಟಳು. ಅಜ್ಜಿಯ ಉಗುರುಬಣ್ಣ ತೆಗೆಯುವ ದ್ರವದಲ್ಲಿ ದಿನಾ ಬೆಳಿಗ್ಗೆ ಹಳೇ ಗೆರೆ ಒರೆಸಿ, ಬೋಯಾಗಳಿಗೆ ನಂಬರು ಬರೆಯುವ ಪೆನ್ನಿನಲ್ಲಿ ಹೊಸದು ಎಳೆಯುತ್ತಿದ್ದಳು. ತಾರೀಖನ್ನು ವಿನ್ನಿಯ ಹಾಗೆ ಬರೆಯಲು ಬರಲಿಲ್ಲವಂತೆ.

"ಮಾತ್ರೆ ತಗೊಂಡ್ರೆ ಕಿಟಕಿ ಒಳಗೇ ಕೂರ್ಬೇಕಲ್ಲಮ್ಮ," ಎಂದಳು. "ಒಂದೇ ಶನಿವಾರ ದಾಟ್ಲಿ ಅಂತ. ಭಾನುವಾರ ಹೇಳ್ತಿದ್ದೆ."

ಲೋರ್ನಾಳಿಗೆ ಕೈ ಎತ್ತುವಷ್ಟು ಸಿಟ್ಟು ಬಂತು. ಮರುಕ್ಷಣವೇ ಕಾಣದ ತಾರೀಖು ನೆನಪಾಗಿ ಸಿಟ್ಟು ತನ್ನ ಕಡೆಗೇ ತಿರುಗಿತು. ಮಗು ಗೆರೆ ಜರುಗಿಸಿತ್ತು. ತಾನೋ ನೋಡಿಯೂ ನೋಡದ ಹಾಗೆ ಇದ್ದಳು. ಆ ಬಾವುಟ ಇಳಿಸುವುದು ಮಗಳಿಗಿಂತ ತನಗೇ ಹೆಚ್ಚು ಬೇಕಾಗಿತ್ತು. ಇದನ್ನು ಒಪ್ಪಿಕೊಳ್ಳುವಾಗ ಅವಳಿಗೆ ಕಿವಿಯವರೆಗೂ ನಾಚಿಕೆಯಾಯಿತು.

ದವಾಖಾನೆ ಮುಚ್ಚಲು ಹತ್ತು ನಿಮಿಷವಿತ್ತು. ಮಗಳನ್ನು ಬೆನ್ನಿಗೆ ಹಾಕಿಕೊಂಡು, ರಬ್ಬರು ಬೂಟು ಬಡಿಯುತ್ತ, ಏದುಸಿರು ಬಿಡುತ್ತ ದಿಬ್ಬ ಹತ್ತಿದಳು. ವಿನ್ನಿ ಬೀಗದ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಲೋರ್ನಾ ಮಗಳ ತೊಡೆಯ ಮೇಲೆ ಪಟ್ಟಿ ಇಟ್ಟು ತೋರಿಸಿದಳು. ವಿನ್ನಿಯನ್ನೂ ಅಪ್ಪ ಲಾಬ್‌ಸ್ಟರ್ ಹಿಡಿದೇ ಸಾಕಿದ್ದು, ವಿವರಣೆ ಬೇಕಾಗಲಿಲ್ಲ. ಬೀಗದ ಕೈ ಮೇಜಿನ ಮೇಲಿಟ್ಟು ಫೋನ್ ಎತ್ತಿದಳು. ಆಚೆ ದಡದ ಡಾಕ್ಟರು ಅಳತೆ ಕೇಳಿದರು, ಮಂಗಳವಾರದ ಅಳತೆ ಕೇಳಿದರು, ಜ್ವರ ಕೇಳಿದರು. ಮೂರೇ ದಿನದಲ್ಲಿ ಇಷ್ಟು ಹರಡಿದ ಕಲೆಗೆ ರಕ್ತ ಪರೀಕ್ಷೆಯ ದಾರಿ ಕಾಯುವುದು ಬೇಡ, ಈಗಲೇ ಶುರು ಮಾಡಿ ಎಂದರು. ಈ ಹಂತದಲ್ಲಿ ಹಿಡಿದರೆ ಮಕ್ಕಳು ಪೂರ್ತಿ ಹುಷಾರಾಗುತ್ತಾರೆ ಎಂದೂ ಹೇಳಿದರು. ಆ ಮಾತನ್ನು ಲೋರ್ನಾ ವಿನ್ನಿಯ ಬಾಯಿಂದ ಎರಡು ಸಲ ಹೇಳಿಸಿಕೊಂಡಳು.

"ಕೊಡು," ಎಂದಳು ಲೋರ್ನಾ.

ಮೊದಲ ಮಾತ್ರೆ ಅಲ್ಲೇ, ದೊಡ್ಡ ಲೋಟ ನೀರಿನ ಜೊತೆ, ಟ್ಯಾನ್ಸಿಯ ಗಂಟಲಿಳಿಯಿತು. ಕಣ್ಣೀರೂ ಇಳಿಯಿತು. ಬಾವುಟ ಬ್ರಾಯರ್‌ಳೇ ಇಳಿಸಲಿ, ಅವಳಿಗೆ ಹೇಳಿಬಿಡಿ ಎಂದಳು ಟ್ಯಾನ್ಸಿ.

"ಯಾಕೆ? ಬಿಸಿಲಿಗೆ ಮೈ ತೋರಿಸ್ಬೇಡ ಅಂದಿದ್ದು. ಹುಟ್ಟು ಹಾಕ್ಬೇಡ ಅಂದಿಲ್ಲ," ಎಂದಳು ವಿನ್ನಿ. "ಮೈ ಮುಚ್ಕೊಂಡು ಹೋಗು. ಟೋಪಿ ತಲೆ ಮೇಲಿಂದ ಇಳೀಕೂಡ್ದು. ನಂಗೆ ಮಾತು ಕೊಡ್ಬೇಕು."

ಟ್ಯಾನ್ಸಿ ಮಾತು ಕೊಟ್ಟಳು.

ಆರ್ವಿಲ್ಲಾಗೆ ವಿಷಯ ತಿಳಿಯಿತು. ಎದ್ದು ಹೋಗಿ, ತನ್ನ ಭಾನುವಾರದ ಬಿಳಿ ಉದ್ದತೋಳಿನ ಅಂಗಿಯನ್ನು ಕತ್ತರಿಸಿ ಮೊಮ್ಮಗಳ ಅಳತೆಗೆ ಹೊಲಿಯಲು ಕೂತಳು.

ಶನಿವಾರ ಕಟ್ಟೆಯ ತುಂಬ ಜನ. ಟ್ಯಾನ್ಸಿ ಬಿಳಿ ಅಂಗಿ, ಅಪ್ಪನ ಕೈಗವಸು, ಉದ್ದ ಷರಾಯಿ, ಗಲ್ಲಕ್ಕೆ ದಾರ ಕಟ್ಟಿದ ಹುಲ್ಲಿನ ಟೋಪಿಯಲ್ಲಿ ಬಂದಾಗ ಜೇನು ಕೀಳಲು ಹೊರಟಿದ್ದಾಳೆ ಎಂದು ಹುಡುಗರು ನಕ್ಕರು. ನಗು ಪಂದ್ಯ ಶುರುಮಾಡುವ ಪಿಸ್ತೂಲಿನ ಸದ್ದಿನವರೆಗೆ ಮಾತ್ರ ಇತ್ತು. ಬೋಯಾ ಸುತ್ತುವ ಹೊತ್ತಿಗೆ ಅವಳು ಒಂದು ದೋಣಿಯಷ್ಟು ಮುಂದಿದ್ದಳು. ಕಟ್ಟೆ ಒಂದೇ ಗಂಟಲಾಗಿ ಅರಚುತ್ತಿತ್ತು, ಎಲ್ಲರಿಗಿಂತ ಮೇಲೆ ಲೋರ್ನಾಳ ಗಂಟಲು.

ಕೊನೆಯ ನೂರು ಗಜದಲ್ಲಿ ಗಾಳಿ ತಿರುಗಿತು. ದಾರ ಬಿಚ್ಚಿ ಟೋಪಿ ಹಾರಿ ದೋಣಿಯ ತಳಕ್ಕೆ ಬಿತ್ತು.

ಟ್ಯಾನ್ಸಿ ಹುಟ್ಟು ಒಳಗೆಳೆದುಕೊಂಡಳು.

"ಟೋಪಿ ಬಿಡೇ! ಎಳಿ!" ಎಂದು ಲೋರ್ನಾ ಕೂಗಿದಳು. ಬಾಯಿಂದ ಬಿದ್ದ ಮೇಲೆ ತಾನು ಕೂಗಿದ್ದೇನೆಂದು ಅವಳಿಗೆ ಗೊತ್ತಾಯಿತು.

ಟ್ಯಾನ್ಸಿ ಬಗ್ಗಿ, ಟೋಪಿ ಎತ್ತಿ, ತಲೆಗಿಟ್ಟು, ದಾರಕ್ಕೆ ಒಂದು ಗಂಟು, ಅದರ ಮೇಲೆ ಇನ್ನೊಂದು ಗಂಟು ಹಾಕಿದಳು. ಅಷ್ಟರಲ್ಲಿ ಬ್ರಾಯರ್‌ಳ ನೀಲಿ ದೋಣಿ ಅವಳನ್ನು ದಾಟಿತು. ಆಮೇಲೆ ಟ್ಯಾನ್ಸಿ ಹಲ್ಲು ಕಚ್ಚಿ ಎಳೆದ ಎಳೆತಕ್ಕೆ ಹಳದಿ ದೋಣಿ ನೀರಿನ ಮೇಲೆ ಎದ್ದೆದ್ದು ಬಂತು. ಸಾಲಲಿಲ್ಲ. ಈ ವರ್ಷವೂ ಒಂದು ಹುಟ್ಟಿನಷ್ಟು ಹಿಂದೆ.

ಲೋರ್ನಾ ಬೂಟಿನ ಸಮೇತ ಸೊಂಟದವರೆಗೆ ನೀರಿಗಿಳಿದು ದೋಣಿಯ ಅಂಚು ಹಿಡಿದಳು. ಟೋಪಿಯ ಕೆಳಗೆ ಮಗಳ ಮುಖ ಬೆವರಿ ಹೊಳೆಯುತ್ತಿತ್ತು.

"ನೀನು ಕೂಗಿದ್ದು ಕೇಳಿಸ್ತಮ್ಮ," ಎಂದಳು ಟ್ಯಾನ್ಸಿ. "ಆದ್ರೆ ಮಾತು ಕೊಟ್ಟಿದ್ನಲ್ಲ."

ಲೋರ್ನಾಳಿಗೆ ಆದದ್ದು ಸಂಕಟ ಅಲ್ಲ, ಅದಕ್ಕಿಂತ ದೊಡ್ಡ ಖುಷಿ. ಗೆದ್ದಿದ್ದರೆ ಇಷ್ಟು ಆಗುತ್ತಿರಲಿಲ್ಲ ಎಂದು ಅವಳಿಗೆ ಅಲ್ಲೇ ಅನ್ನಿಸಿತು. ಒದ್ದೆ ಜೇಬಿನಿಂದ ಹಿತ್ತಾಳೆಪಟ್ಟಿ ತೆಗೆದು ಮಗಳ ಕೈಗಿಟ್ಟಳು.

"ಇನ್ಮೇಲೆ ನೀನೇ ಅಳೆ," ಎಂದಳು.