ಕೀಮೋಗೆ ಮುಂಚೆ ಕೇಳಬೇಕಾದ ಮಾತು

ಮನೆಗೆ ದೊಡ್ಡ ಕಾಯಿಲೆ ಬಂದಾಗ ರೋಗಿಯ ಪರವಾಗಿ ಎಲ್ಲರೂ ಮಾತಾಡಲು ಶುರು ಮಾಡುತ್ತಾರೆ. ಯಾವ ಡಾಕ್ಟರು, ಯಾವ ಊಟ, ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು, ಎಲ್ಲವನ್ನೂ ಮನೆಯವರೇ ತೀರ್ಮಾನ ಮಾಡಿಬಿಡುತ್ತಾರೆ. ಪ್ರೀತಿಯಿಂದಲೇ ಮಾಡುತ್ತಾರೆ. ಅಕ್ಕ ತಂಗಿಯರ ಈ ಮನೆಯಲ್ಲೂ ಹಾಗೇ ಆಯಿತು.

ತಂಗಿಗೆ ಇಪ್ಪತ್ತೇಳು ವರ್ಷ. ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವಳ ಪಾಲಿನದು. ಅಕ್ಕ, ಭಾವ, ಅವರ ಎಂಟು ವರ್ಷದ ಮಗಳ ಜೊತೆ ಎರಡು ಕೋಣೆಯ ಮನೆಯಲ್ಲಿದ್ದಳು. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಭಾವ ಸಿಟಿ ಬಸ್ಸಿನ ಡ್ರೈವರ್. ಅಮ್ಮ ತೀರಿಕೊಂಡಾಗ ತಂಗಿಗಿನ್ನೂ ಹತ್ತು ವರ್ಷ. ಬೆಳೆಸಿದ್ದೆಲ್ಲ ಅಕ್ಕನೇ.

ಒಂದು ದಿನ ಸ್ನಾನ ಮಾಡುವಾಗ ತಂಗಿಯ ಕೈಗೆ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ನೋವಿರಲಿಲ್ಲ. ಆದರೂ ಅವಳು ತಡಮಾಡದೆ ಹೋಗಿ ತೋರಿಸಿದಳು. ಪರೀಕ್ಷೆಯಲ್ಲಿ ಕ್ಯಾನ್ಸರ್ ಅಂತ ಬಂತು. ಬೇಗ ಗೊತ್ತಾದದ್ದರಿಂದ ಗುಣವಾಗುವ ಭರವಸೆ ಚೆನ್ನಾಗಿದೆ ಅಂದರು. ಆಪರೇಷನ್ ಮಾಡಿ ಗಂಟು ತೆಗೆದರು. ಗಾಯ ಮಾಗಲಿ, ಮುಂದಿನ ತಿಂಗಳ ಆರನೇ ತಾರೀಕಿನಿಂದ ಕೀಮೋ ಶುರು ಮಾಡೋಣ, ಅಂದರು ಡಾಕ್ಟರು. ಕೀಮೋ ಅಂದರೆ ಕ್ಯಾನ್ಸರ್ ಜೀವಕೋಶಗಳನ್ನು ಸಾಯಿಸುವ ಔಷಧಿ. ಡ್ರಿಪ್ ಹಾಕಿ ಅದನ್ನು ಮೈಗೆ ಏರಿಸುತ್ತಾರೆ.

ಅದಕ್ಕೆ ಇನ್ನೂ ಮೂರು ವಾರವಿತ್ತು. ರಜೆ ಹೇಳಿ ಬರೋಣ ಅಂತ ತಂಗಿ ಅಂಗಡಿಗೆ ಹೋದಳು.

ಅಂಗಡಿಯ ಯಜಮಾನಿಗೆ ನಲವತ್ತೆರಡು. ನಗು ಕಡಿಮೆ. ಫ್ರೇಮು ಕೂದಲೆಳೆಯಷ್ಟು ವಾರೆಯಾದರೂ ಬಿಚ್ಚಿಸಿ ಮತ್ತೆ ಕೂರಿಸುವವರು. ಕೆಲಸದವರು ಬೆನ್ನ ಹಿಂದೆ ಅವರನ್ನು ಸ್ಕೇಲಮ್ಮ ಅನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಅವರಿಗೆ ಮಕ್ಕಳಿರಲಿಲ್ಲ. ವ್ಯಾಪಾರವೇ ಮುಖ್ಯ ಅಂತ ಮಕ್ಕಳು ಬೇಡ ಅಂದರಂತೆ, ಅಂತ ಬೀದಿಯವರು ತಾವೇ ಒಂದು ಕಥೆ ಕಟ್ಟಿಕೊಂಡಿದ್ದರು.

"ಕೀಮೋ ಕೊಟ್ಟರೆ ಏನೇನಾಗುತ್ತೆ ಅಂತ ಹೇಳಿದ್ರಾ?" ಕೇಳಿದರು ಯಜಮಾನಿ.

"ಕೂದಲು ಉದುರುತ್ತೆ, ಬಾಯಲ್ಲಿ ಹುಣ್ಣಾಗುತ್ತೆ, ವಾಂತಿ ಬರಬಹುದು ಅಂದ್ರು ಮೇಡಂ."

"ಮಕ್ಕಳ ವಿಷಯ?"

ತಂಗಿ ನಕ್ಕಳು. "ಯಾವ ಮಕ್ಕಳು ಮೇಡಂ? ಗಂಡನೇ ಗೊತ್ತಿಲ್ಲ ಇನ್ನೂ."

ಯಜಮಾನಿ ನಗಲಿಲ್ಲ. ಎದ್ದು ಲೈಟ್ ಆರಿಸಿದರು. ಮಟಮಟ ಮಧ್ಯಾಹ್ನ ಅಂಗಡಿಯ ಶಟರ್ ಎಳೆದರು. ಅಷ್ಟು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ಯಾರೂ ನೋಡಿರಲಿಲ್ಲ.

"ನಡಿ, ನಿಮ್ಮನೆಗೆ ಹೋಗೋಣ," ಅಂದರು.

ಅಕ್ಕ ಆಗಷ್ಟೇ ಬೆಳಗಿನ ಪಾಳಿ ಮುಗಿಸಿ ಬಂದಿದ್ದಳು. ಭಾವನಿಗೆ ಅವತ್ತು ವಾರದ ರಜೆ. ಯಜಮಾನಿ ಸುತ್ತಿಬಳಸದೆ ವಿಷಯಕ್ಕೆ ಬಂದರು.

"ಕೆಲವು ಕೀಮೋ ಔಷಧಿಗಳಿಂದ ಅಂಡಾಶಯಕ್ಕೆ ಪೆಟ್ಟು ಬೀಳುತ್ತೆ. ಎಲ್ಲರಿಗೂ ಅಲ್ಲ. ಆದರೆ ಕೆಲವರಿಗೆ ಮುಟ್ಟು ನಿಂತೇ ಹೋಗುತ್ತೆ, ಆಮೇಲೆ ಮಕ್ಕಳಾಗೋದು ಕಷ್ಟ. ಕೀಮೋ ಶುರುವಾಗೋ ಮುಂಚೆ ಅಂಡಾಣು ತೆಗೆದು ತಣ್ಣಗೆ ಕಾಪಾಡಿ ಇಡಬಹುದು. ನಾಳೆನೇ ಡಾಕ್ಟರನ್ನ ಕೇಳಿ."

ಅಕ್ಕನ ಮುಖ ಬಿಗಿಯಾಯಿತು. "ಮೇಡಂ, ತಪ್ಪು ತಿಳ್ಕೋಬೇಡಿ. ನಮಗೆ ಇವಳ ಜೀವ ಉಳಿದರೆ ಸಾಕು. ಈಗ ಮಕ್ಕಳ ಮಾತು ಯಾಕೆ?"

"ಜೀವ ಉಳಿಯುತ್ತೆ ಅಂತ ನಂಬಿದವರೇ ಈ ಮಾತು ಆಡೋದು."

"ಮದುವೆಯಾಗದ ಹುಡುಗೀನ ಮಕ್ಕಳಾಗದವರು ಹೋಗೋ ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ನೋಡಿದವರು ಏನಂತಾರೆ? ಬೇಕಾದ್ರೆ ನನ್ನ ಮಗಳೇ ಅವಳಿಗೂ ಮಗಳು. ಬೇಡ ಬಿಡಿ."

ಭಾವ ಕೆಮ್ಮಿದ. "ಕೇಳೋದ್ರಲ್ಲಿ ಏನು ಹೋಗುತ್ತೆ ಕಣೆ?"

"ನೀವು ಸುಮ್ನಿರಿ."

ಭಾವ ಸುಮ್ಮನಾದ. ಮನೆಯಲ್ಲಿ ಸ್ಟಿಯರಿಂಗ್ ಯಾರ ಕೈಲಿದೆ ಅನ್ನೋದು ಅವನಿಗೆ ಗೊತ್ತಿತ್ತು.

ಯಜಮಾನಿ ಅಕ್ಕನ ಕಡೆ ತಿರುಗಿ ಕೂತರು. ಆಮೇಲೆ ಹೇಳಿದರು: "ನನಗೂ ಕ್ಯಾನ್ಸರ್ ಆಗಿತ್ತು. ಕುತ್ತಿಗೆ ಗ್ರಂಥಿಯಲ್ಲಿ. ಆಗ ಇಪ್ಪತ್ತನಾಲ್ಕು ವರ್ಷ, ಮದುವೆಯಾಗಿ ಒಂದು ವರ್ಷ. ಎಂಟು ತಿಂಗಳು ಕೀಮೋ ಕೊಟ್ಟು ಗುಣ ಮಾಡಿದ್ರು. ನಿಮ್ಮ ಹಾಗೇ ನಮ್ಮಮ್ಮನೂ ಜೀವ ಉಳಿದರೆ ಸಾಕು ಅಂತಿದ್ರು. ಉಳೀತು. ಮುಟ್ಟು ಮಾತ್ರ ವಾಪಸ್ ಬರಲೇ ಇಲ್ಲ. ಚಳಿಗಾಲದಲ್ಲೂ ಮೈಯೆಲ್ಲ ಬೆವರು. ಮೂರು ವರ್ಷ ಆದಮೇಲೆ ಇನ್ನೊಬ್ಬ ಡಾಕ್ಟರು ನೋಡಿ, ಮೊದಲೇ ಅಂಡಾಣು ತೆಗೆದಿಡಬಹುದಿತ್ತಲ್ಲ ಅಂದ್ರು. ಹಾಗೊಂದು ದಾರಿ ಇದೆ ಅಂತ ಗೊತ್ತಾಗಿದ್ದೇ ಆಗ."

ಭಾವ ತಂದಿಟ್ಟ ನೀರು ಕುಡಿದು ಯಜಮಾನಿ ಮಾತು ಮುಂದುವರಿಸಿದರು.

"ನನ್ನ ಗಂಡ ಒಂದು ದಿನಕ್ಕೂ ಆ ಬಗ್ಗೆ ಮಾತೆತ್ತಲಿಲ್ಲ. ಎತ್ತಿದ್ರೆ ಚೆನ್ನಾಗಿತ್ತು. ಮಗು ಆಗಲಿಲ್ಲ ಅನ್ನೋ ದುಃಖಕ್ಕೆ ಹೊಂದಿಕೊಂಡೆ. ಬೇಕಾ ಬೇಡ್ವಾ ಅಂತ ನನ್ನನ್ನೊಬ್ಬರೂ ಕೇಳಲಿಲ್ಲವಲ್ಲ, ಆ ಸಿಟ್ಟು ಮಾತ್ರ ಇನ್ನೂ ಹೋಗಿಲ್ಲ."

ಆಗ ತಂಗಿ ಮೆಲ್ಲಗೆ ಅಂದಳು, "ಅಕ್ಕ, ನೀನೂ ನನ್ನ ಕೇಳಲಿಲ್ಲ."

ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಂತು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದಲೇ ಕೂಗಿದಳು, "ನಾಳೆ ಎಷ್ಟು ಗಂಟೆಗೆ ಸಿಕ್ತಾರೆ ಆ ಡಾಕ್ಟರು?"

ಮರುದಿನ ಅಕ್ಕ, ಭಾವ, ತಂಗಿ ಮೂವರೂ ಹೋದರು. ಕ್ಯಾನ್ಸರ್ ಡಾಕ್ಟರು ಅವರ ಪ್ರಶ್ನೆ ಕೇಳಿಸಿಕೊಂಡು ಪೆನ್ನು ಕೆಳಗಿಟ್ಟರು. "ಇದನ್ನ ನಾನೇ ಹೇಳಬೇಕಿತ್ತು. ನೀವು ಕೇಳಿದ್ದು ಒಳ್ಳೇದಾಯ್ತು. ನಿಮಗೆ ಸಮಯ ಇದೆ, ಇವತ್ತೇ ಹೋಗಿ," ಅಂತ ಚೀಟಿ ಬರೆದು ಬಂಜೆತನ ಚಿಕಿತ್ಸೆಯ ವಿಭಾಗಕ್ಕೆ ಕಳಿಸಿದರು.

ಅಲ್ಲಿ ಬೆಂಚಿನ ತುಂಬ ಗಂಡ ಹೆಂಡತಿಯರು. ಅಕ್ಕ ಫೈಲನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಳು. ಪಕ್ಕದ ಹೆಂಗಸು ತಂಗಿಯನ್ನು ತೋರಿಸಿ, "ಮದುವೆಯಾಗಿ ಎಷ್ಟು ವರ್ಷ ಆಯ್ತು?" ಅಂತ ಕೇಳಿದಳು. ಅಕ್ಕ ಸೆರಗಿನೊಳಗಿಂದ ಫೈಲನ್ನು ಹೊರಗೆ ತೆಗೆದಳು. ಆಮೇಲೆ, "ಮದುವೆ ಆಗಿಲ್ಲ. ಕ್ಯಾನ್ಸರಿಗೆ ಔಷಧಿ ಶುರುವಾಗ್ತಿದೆ, ಅದಕ್ಕೆ ಮುಂಚೆ ಬಂದಿದ್ದೀವಿ," ಅಂದಳು. ಆ ಹೆಂಗಸು ಸರಿದು ತಂಗಿಗೆ ಜಾಗ ಬಿಟ್ಟಳು.

ಅಲ್ಲಿನ ಡಾಕ್ಟರಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರು. ಅಂಡಾಣು ಬೆಳೆಯಲು ಹತ್ತು ಹನ್ನೆರಡು ದಿನ ಹೊಟ್ಟೆಗೆ ಸಣ್ಣ ಹಾರ್ಮೋನ್ ಇಂಜೆಕ್ಷನ್. ನಡುನಡುವೆ ಸ್ಕ್ಯಾನ್. ಕೊನೆಗೆ ಸ್ವಲ್ಪ ಹೊತ್ತು ಮಂಪರು ಬರಿಸಿ ಅಂಡಾಣು ತೆಗೆಯುತ್ತಾರೆ. ಸಾಮಾನ್ಯವಾಗಿ ಅವತ್ತೇ ಮನೆಗೆ ಹೋಗಬಹುದು.

"ಕೀಮೋ ತಡ ಆಗಲ್ವಾ?" ಅಕ್ಕ ಕೇಳಿದಳು.

"ಆಪರೇಷನ್ ಗಾಯ ಮಾಗೋಕೆ ಹೇಗೂ ಕಾಯ್ತಾ ಇದ್ದೀರಿ. ಆ ಸಮಯದಲ್ಲೇ ಮುಗಿಯುತ್ತೆ. ಕೆಲವು ಕ್ಯಾನ್ಸರಿಗೆ ಇಷ್ಟು ದಿನ ಕಾಯೋಕಾಗಲ್ಲ, ಆಗ ನಾವೇ ಬೇಡ ಅಂತೀವಿ."

"ಇದು ಹಾರ್ಮೋನ್ ಇಂಜೆಕ್ಷನ್ ಅಂತೆ. ಅದರಿಂದ ಗಂಟು ಮತ್ತೆ ಬೆಳೆದರೆ?"

"ಒಳ್ಳೇ ಪ್ರಶ್ನೆ. ಹಾರ್ಮೋನ್ ಏರದ ಹಾಗೆ ಜೊತೆಗೊಂದು ಮಾತ್ರೆ ಕೊಡ್ತೀವಿ. ನಿಮ್ಮ ಕ್ಯಾನ್ಸರ್ ಡಾಕ್ಟರ ಹತ್ತಿರ ಮಾತಾಡಿಯೇ ಮುಂದುವರಿಯೋದು."

"ಆಮೇಲೆ ಮಗು ಆಗೇ ಆಗುತ್ತಾ?"

"ಆಗೇ ಆಗುತ್ತೆ ಅಂತ ಮಾತು ಕೊಡಲ್ಲ. ಆಗೋ ಅವಕಾಶ ಕೈಲಿ ಇಟ್ಟುಕೊಳ್ಳೋದು, ಅಷ್ಟೇ."

ಇಷ್ಟಾದ ಮೇಲೆ ಡಾಕ್ಟರಮ್ಮ ಅಕ್ಕನನ್ನೂ ಭಾವನನ್ನೂ ಐದು ನಿಮಿಷ ಹೊರಗೆ ಕೂರಲು ಹೇಳಿದರು. ಕಾಯಿಲೆ ಗೊತ್ತಾದಾಗಿನಿಂದ ತಂಗಿಯೊಬ್ಬಳನ್ನೇ ಕೂರಿಸಿಕೊಂಡು ಯಾರೂ ಮಾತಾಡಿಸಿರಲಿಲ್ಲ.

"ನಿಮಗೆ ಬೇಕಾ?" ಅಂತ ಕೇಳಿದರು.

ತಂಗಿ ಯೋಚಿಸಿದಳು. "ಮಗು ಬೇಕೋ ಬೇಡ್ವೋ ನನಗೆ ಈಗ ಗೊತ್ತಿಲ್ಲ ಡಾಕ್ಟರ್. ಗೊತ್ತಾಗೋ ಹೊತ್ತಿಗೆ ಬಾಗಿಲು ಮುಚ್ಚಿರಬಾರದು."

"ಅಷ್ಟು ಸಾಕು," ಅಂದರು ಡಾಕ್ಟರಮ್ಮ.

ಮನೆಯಲ್ಲಿ ಇಂಜೆಕ್ಷನ್ ಕೊಡೋದು ಹೇಗೆ ಅಂತ ನರ್ಸ್ ಭಾವನಿಗೆ ಕಲಿಸಲು ಹೋದಳು. ದಿನಕ್ಕೆ ನೂರಾರು ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸುವ ಭಾವ ಸೂಜಿ ನೋಡಿ ಬೆವತು ಕುರ್ಚಿ ಹಿಡಿದು ಕೂತುಬಿಟ್ಟ. "ಕೊಡಿ ಇಲ್ಲಿ," ಅಂತ ಅಕ್ಕ ಕೈ ಚಾಚಿದಳು. ಹನ್ನೊಂದು ದಿನ ಸಂಜೆ ಸರಿಯಾಗಿ ಏಳಕ್ಕೆ ಅವಳೇ ಕೊಟ್ಟಳು. ಮೊದಲ ದಿನ ನರ್ಸ್ ಹೇಳಿದ್ದನ್ನು ಮೂರು ಸಲ ಹೇಳಿಕೊಂಡು ಚುಚ್ಚಿದಳು. ನಾಲ್ಕನೇ ದಿನದ ಹೊತ್ತಿಗೆ ಚುಚ್ಚಿದ್ದೇ ಗೊತ್ತಾಗಲಿಲ್ಲ ಅಂದಳು ತಂಗಿ.

ಒಂಬತ್ತು ಅಂಡಾಣು ಸಿಕ್ಕವು. ಅವನ್ನು ಆಸ್ಪತ್ರೆಯಲ್ಲೇ ಕಾಪಾಡಿ ಇಟ್ಟರು. ಕೀಮೋ ಆರನೇ ತಾರೀಕಿಗೇ ಶುರುವಾಯಿತು. ಒಂದು ದಿನವೂ ಹಿಂದೆ ಹೋಗಲಿಲ್ಲ.

ಚಿಕಿತ್ಸೆ ಸುಲಭವಾಗಿರಲಿಲ್ಲ. ಕೂದಲು ಹೋಯಿತು, ತೂಕ ಇಳಿಯಿತು. ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿದಳು. ಕೊನೆಗೆ ಚೇತರಿಸಿಕೊಂಡು ಅಂಗಡಿಗೆ ಮರಳಿದಳು. ಮುಟ್ಟು ಒಂದು ವರ್ಷ ಬರಲಿಲ್ಲ, ಆಮೇಲೆ ಆಗೊಮ್ಮೆ ಈಗೊಮ್ಮೆ ಬಂತು. ಈಗ ಅವಳಿಗೆ ಮೂವತ್ತೆರಡು. ಕಳೆದ ವರ್ಷ ಮದುವೆಯಾದಳು. ಹುಡುಗನಿಗೆ ಮೊದಲ ಭೇಟಿಯಲ್ಲೇ ಎಲ್ಲ ಹೇಳಿದ್ದಳು. ಮಗುವಿನ ಬಗ್ಗೆ ಇಬ್ಬರೂ ಇನ್ನೂ ತೀರ್ಮಾನ ಮಾಡಿಲ್ಲ. ಅಕ್ಕ ವಾರಕ್ಕೊಮ್ಮೆ ಕೇಳುತ್ತಾಳೆ. "ಕೇಳು ಅಂದಿದ್ದು ನಾನೇ, ನಿಜ. ಆದ್ರೆ ವಾರವಾರ ಕೇಳು ಅಂದಿರಲಿಲ್ಲ," ಅನ್ನುತ್ತಾಳೆ ತಂಗಿ.

ಹೋದ ತಿಂಗಳು ಲಾಂಡ್ರಿಯಲ್ಲಿ ಅಕ್ಕನ ಪಕ್ಕದ ಮೇಜಿನವಳು ಅಳುತ್ತಿದ್ದಳು. ಕಾಲೇಜಿಗೆ ಹೋಗುವ ಹತ್ತೊಂಬತ್ತು ವರ್ಷದ ಮಗನಿಗೆ ಕ್ಯಾನ್ಸರ್. ಸೋಮವಾರದಿಂದ ಕೀಮೋ. ಅಕ್ಕ ಇಸ್ತ್ರಿ ಪೆಟ್ಟಿಗೆ ಆರಿಸಿದಳು.

"ಮುಂದೆ ಅವನಿಗೆ ಮಕ್ಕಳಾಗೋ ವಿಷಯ ಡಾಕ್ಟರನ್ನ ಕೇಳಿದ್ಯಾ?"

"ಅಯ್ಯೋ, ಚಿಕ್ಕ ಹುಡುಗ ಕಣೆ. ತಾಯಿಯಾಗಿ ಅಂಥದ್ದನ್ನ ಹೇಗೆ ಕೇಳಲಿ?"

"ಗಂಡು ಹುಡುಗರಿಗೆ ಇನ್ನೂ ಸುಲಭ. ವೀರ್ಯ ಕೊಟ್ಟು ಇಡಿಸೋದು ಒಂದೆರಡು ದಿನದ ಕೆಲಸ. ನಿನಗೆ ನಾಚಿಕೆಯಾದ್ರೆ ನಾನು ಬಂದು ಕೇಳ್ತೀನಿ. ಆದ್ರೆ ಮೊದಲು ಅವನನ್ನ ಕೇಳು."

ಶುಕ್ರವಾರ ಅಕ್ಕ ಅರ್ಧ ದಿನ ರಜೆ ಹಾಕಿ ಅವರ ಜೊತೆ ಆಸ್ಪತ್ರೆಗೆ ಹೋದಳು. ಹುಡುಗ ತಾನೇ ಒಳಗೆ ಹೋಗಿ ಮಾತಾಡಿ, ವೀರ್ಯ ಇಡಿಸಿ ಬಂದ. ಸೋಮವಾರ ಅವನ ಚಿಕಿತ್ಸೆಯೂ ಶುರುವಾಯಿತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ವಯಸ್ಸಿನ ಹುಡುಗಿಗೆ, ಹುಡುಗನಿಗೆ, ಚಿಕ್ಕ ಮಗುವಿಗೆ ಕ್ಯಾನ್ಸರ್ ಅಂತ ಗೊತ್ತಾದರೆ ಕೀಮೋ ಅಥವಾ ರೇಡಿಯೇಷನ್ ಶುರುವಾಗುವ ಮುಂಚೆ ಡಾಕ್ಟರನ್ನು ಕೇಳಿ: "ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗೋದಕ್ಕೆ ತೊಂದರೆ ಇದೆಯಾ? ಈಗಲೇ ಏನಾದರೂ ಮಾಡಬಹುದಾ?" ಮದುವೆಯಾಗಿರಲಿ, ಆಗದಿರಲಿ, ಕೇಳಿ. ಚಿಕ್ಕ ಮಕ್ಕಳಿಗೂ ಬೇರೆ ದಾರಿಗಳಿರಬಹುದು, ಕೇಳಿ. ಖರ್ಚಿಗೆ ನೆರವು ಸಿಗುತ್ತದೆಯೇ ಅಂತಲೂ ಅಲ್ಲೇ ಕೇಳಿ. ಹೀಗೆ ಕಾಪಾಡಿ ಇಡಲು ಎಲ್ಲರಿಗೂ ಆಗುತ್ತದೆ ಅಂತಿಲ್ಲ, ಆದರೆ ಚಿಕಿತ್ಸೆ ಶುರುವಾದ ಮೇಲೆ ಕೇಳಿದರೆ ತಡವಾಗಿರಬಹುದು. ಡಾಕ್ಟರು ಮರೆತರೆ ನೀವು ನೆನಪಿಸಿ. ಅದಕ್ಕೂ ಮೊದಲು, ಕಾಯಿಲೆಯವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: ನಿನಗೇನು ಬೇಕು?