ಒಂದು ಸಾಲಿಗೆ ಒಂದು ಸೌದೆ

ಪ್ರೇಮಮ್ಮ ದೀಕ್ಷಾಸ್ನಾನಕ್ಕೆ ಒಪ್ಪಿದಳು ಅನ್ನುವ ಸುದ್ದಿ ಬಂದಾಗ ನಾನು ರಾಗಿ ಕೇರುತ್ತಿದ್ದೆ. ಮೊರ ಅಲ್ಲೇ ಬಿಟ್ಟು, ಕೈ ಕೂಡ ಒರೆಸಿಕೊಳ್ಳದೆ ಅವಳ ಮನೆವರೆಗೂ ಓಡಿದೆ. ಅರವತ್ತಕ್ಕೆ ಹತ್ತಿರವಾದ ಹೆಂಗಸು ಓಡುವುದನ್ನು ನೋಡಿ ಬೀದಿಯವರು ಯಾರ ಮನೆಗೋ ಬೆಂಕಿ ಬಿತ್ತು ಅಂದುಕೊಂಡರಂತೆ.

ಒಂಬತ್ತು ವರ್ಷ ಕಾದಿದ್ದ ಸುದ್ದಿ ಅದು. ಅವಳ ಗಂಡ ಬೆಟ್ಟಸ್ವಾಮಿ ನಮ್ಮ ಸಭೆಗೆ ಬಂದು ಒಂಬತ್ತು ವರ್ಷ. ಇವಳು ಪ್ರಾರ್ಥನೆ ಮನೆಯ ಬಾಗಿಲವರೆಗೂ ಬರುವಳು, ಗಂಡ ಮರೆತ ಛತ್ರಿ ಕೊಟ್ಟು ಹಿಂತಿರುಗುವಳು. ಹೊಸಿಲು ದಾಟಿದವಳಲ್ಲ.

"ಈಗ ಎಂಗವ್ವಾ ಮನ್ಸು ಬಂತು?" ಅಂದೆ, ಏದುಸಿರು ಬಿಡುತ್ತ.

"ಒಂಬತ್ತು ವರ್ಸ ನೋಡ್ದೆ ಕಣ ನೀಲಕ್ಕ. ಮೊದ್ಲು ಈಯಪ್ಪ ಉಂಡಿದ್ರೆ ಉಂಡಿಲ್ಲ ಅಂತಿದ್ದ, ಉಣ್ದೆ ಇದ್ರೆ ಉಂಡೆ ಅಂತಿದ್ದ. ಪಿರಿಯಾಪಟ್ಣಕ್ಕೆ ಓಯ್ತೀನಿ ಅಂದ್ರೆ ನಾನು ಉಣಸೂರು ಬಸ್ಸಲ್ಲಿ ಉಡುಕ್ತಿದ್ದೆ. ನಿಮ್ ಜೊತೆ ಸೇರಿದ್ ಮ್ಯಾಕೆ ಒಂದೇ ಒಂದು ಸುಳ್ಳು ಬರ್ನಿಲ್ಲ ಬಾಯಲ್ಲಿ. ಆ ಬಾಯ್ನೇ ತಿದ್ದಿದ ದೇವ್ರು ದೊಡ್ಡೋನೇ ಇರ್ಬೇಕು." ಆಮೇಲೆ ನಕ್ಕು, ಸ್ವಲ್ಪ ತಗ್ಗಿದ ದನಿಯಲ್ಲಿ, "ಅಂಗಿರಾಕೆ ನನ್ ಕೈಲಾಯ್ತದಾ ಅನ್ನೋದೇ ಒಂದು ಎದ್ರಿಕೆ" ಅಂದಳು.

ಆ ಕೊನೆಯ ಮಾತನ್ನು ಸಂತೋಷದಲ್ಲಿ ನಾನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಸಣ್ಣ ಸಣ್ಣ ಸಭೆಗಳೆಲ್ಲ ವರ್ಷಕ್ಕೊಂದು ಸಲ ಸಾಲಿಗ್ರಾಮದ ಬಳಿ ಕಾವೇರಿ ದಂಡೆಯಲ್ಲಿ ಸೇರುತ್ತೇವೆ. ಅಲ್ಲಿ ನಮ್ಮದೊಂದು ಪದ್ಧತಿ. ನೀರಿಗೆ ಇಳಿಯುವವರನ್ನು ಕರೆತಂದವರು ದಂಡೆಯ ಮೇಲೆ ನಿಂತು ಒಂದು ಕೀರ್ತನೆಯನ್ನು ಪುಸ್ತಕ ನೋಡದೆ ಹೇಳಬೇಕು. ಅದು ಮುಗಿದ ಮೇಲೆಯೇ ಅಯ್ಯನೋರು ಮುಳುಗಿಸುವುದು. ಮುಂಚಿತವಾಗಿ ಕೇಳಿ, ತಪ್ಪು ತಿದ್ದುವ ಕೆಲಸ ನನ್ನದು. ದಿನಕ್ಕೊಂದು ಬೈಬಲ್ ವಚನ ಹೇಳಿಸಿ ಊಟಕ್ಕೆ ಬಿಡುತ್ತಿದ್ದ ತಾತನ ಮನೆಯಲ್ಲಿ ಬೆಳೆದವಳು ನಾನು. ಕೇಳುವುದು ನನಗೆ ಅಭ್ಯಾಸ.

ಬೆಟ್ಟಸ್ವಾಮಿ ಆರಿಸಿಕೊಂಡದ್ದು ಕ್ಷಮೆ ಸಿಕ್ಕವನು ಹಾಡುವ ಕೀರ್ತನೆ. ಹನ್ನೊಂದು ಸಾಲು. ಗುರುವಾರ ಸಂಜೆ ಬಂದು ನನ್ನ ಜಗಲಿಯ ಮೇಲೆ ಕೂತು ಶುರುಮಾಡಿದ. ಎರಡು ಸಾಲು ನೀರಿನಂತೆ ಹರಿದವು. ಮೂರನೆಯದು, ತಪ್ಪು ಮುಚ್ಚಿಟ್ಟುಕೊಂಡವನು ತನ್ನ ಮೈಯೇ ಸವೆದುಹೋಯಿತು ಎಂದು ಹೇಳುವ ಸಾಲು. ಅಲ್ಲಿ ನಿಂತ. ಮತ್ತೆ ಮೊದಲಿಂದ ಬಂದ. ಮತ್ತೆ ಅಲ್ಲೇ ನಿಂತ.

"ನಾಲ್ಗೆ ತೊಡರ್ತದೆ ಕಣಕ್ಕ. ಸನಿವಾರದೊಳ್ಗೆ ಸರಿಮಾಡ್ಕತೀನಿ" ಅಂದು ಎದ್ದುಹೋದ.

ಮರೆತವರು ಸೂರು ನೋಡುತ್ತಾರೆ. ಐವತ್ತು ವರ್ಷದಿಂದ ನೋಡಿದ್ದೇನೆ. ಬೆಟ್ಟಸ್ವಾಮಿ ನೆಲ ನೋಡುತ್ತಿದ್ದ.

ಶನಿವಾರ ಮಧ್ಯಾಹ್ನ ಬಂದವನು ಕೀರ್ತನೆ ಎತ್ತಲೇ ಇಲ್ಲ.

"ಅಕ್ಕ, ನಾನು ಪ್ರಾರ್ಥನೆಗೆ ಕೂತ್ರೆ, ಫೋನ್ ಮಾಡಿದ್ರೆ ರಿಂಗಾಯ್ತದೆ, ಎತ್ತೋರಿಲ್ಲ ನೋಡು, ಅಂಗಾಗ್ಬುಟ್ಟದೆ. ಹದಿನೈದು ದಿನ ಆಯ್ತು. ಬುಟ್ಟುಬುಟ್ನಾ ಅವ್ನು ನನ್ನ?"

ಯಾಕೆ ಅಂತ ನಾನು ಕೇಳುವ ಮೊದಲೇ ಅವನೇ ಹೇಳಿದ.

ನಂಜಣ್ಣನ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯಿಸುವವನು ಬೆಟ್ಟಸ್ವಾಮಿ. ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಆ ಎತ್ತರದ ಮನೆಯೊಳಗೆ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಹಾಕಿ ಕಾವು ಕೊಡುವುದು. ಮೊದಲ ಎರಡು ದಿನ ಕಾವು ಸಣ್ಣಗಿರಬೇಕು. ಸೊಪ್ಪು ನಿಧಾನವಾಗಿ ಹಳದಿಗೆ ತಿರುಗಬೇಕು. ಅವಸರದಲ್ಲಿ ಕಾವು ಏರಿತೋ, ಹಸಿರು ಹಾಗೇ ನಿಂತುಬಿಡುತ್ತದೆ. ಆಮೇಲೆ ಯಾರಿಂದಲೂ ಅದನ್ನು ಹಳದಿ ಮಾಡಲಾಗುವುದಿಲ್ಲ.

ಹದಿನೈದು ದಿನದ ಹಿಂದೆ ಒಂದು ಬೆಳಿಗ್ಗೆ ಒಲೆ ಮುಂದೆ ಕೂತು ಇವನು ಕೀರ್ತನೆ ಬಾಯಿಪಾಠ ಮಾಡುತ್ತಿದ್ದ. ಲೆಕ್ಕ ತಪ್ಪಬಾರದೆಂದು ಹನ್ನೊಂದು ಸೌದೆ ಸಾಲಾಗಿ ಇಟ್ಟುಕೊಂಡಿದ್ದ. ಒಂದು ಸಾಲು ಬಾಯಿಗೆ ಬಂದರೆ ಒಂದು ಸೌದೆ ಆಚೆ ಸರಿಸುವುದು. ಹೆಂಡತಿ ನೀರಿಗಿಳಿಯುವ ಸಂಭ್ರಮ ತಲೆ ತುಂಬಿತ್ತು. ಐದನೆಯ ಸಾಲಿನ ಹೊತ್ತಿಗೆ ಸೌದೆ ಸರಿಸುವ ಕೈ ಅಭ್ಯಾಸಬಲದಿಂದ ಒಲೆಗೇ ತುರುಕತೊಡಗಿತ್ತು. ಹನ್ನೊಂದೂ ಸಾಲು ಒಂದೇ ಉಸಿರಿಗೆ ಬಂತೆಂದು ಕುಣಿದಾಡುವಷ್ಟು ಹಿಗ್ಗಿ, ಎದ್ದು ಥರ್ಮಾಮೀಟರ್ ನೋಡಿದರೆ ನೂರರ ಒಳಗಿರಬೇಕಾದ ಕಾವು ನೂರಾ ಮೂವತ್ತು ದಾಟಿತ್ತು.

"ನಂಜಣ್ಣ ಬಂದು, ಯಾರ್ಲಾ ಇದು ಮಾಡಿದ್ದು ಅಂದ. ನಾನು... ಆಸಾ ಊಟ ತಂದಿದ್ಲು. ನಾನು ಕೈ ತೊಳ್ಯೋಕೆ ಓಗಿದ್ದಾಗ ಒಂದ್ಗಳಿಗೆ ಒಲೆ ಮುಂದೆ ಕೂತಿದ್ಲು. ಅವಳು ಆಕಿರ್ಬೇಕು ಅಂದ್ಬುಟ್ಟೆ."

ಆಶಾರಾಣಿ ನಂಜಣ್ಣನ ಸೊಸೆ. ಬ್ಯಾರನ್ ಕೆಲಸ ತಾನೇ ಕಲಿಯಬೇಕೆಂದು ಒಂದು ವರ್ಷದಿಂದ ಇವನ ಹಿಂದೆ ಬಿದ್ದಿದ್ದ ಹುಡುಗಿ. ಕಾವಿನ ಅಂಕಿಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಅವತ್ತಿನಿಂದ ಮಾವ ಅವಳನ್ನು ಬ್ಯಾರನ್ ಹತ್ತಿರಕ್ಕೆ ಬಿಟ್ಟಿಲ್ಲ.

"ಅವಳು ನಾನಲ್ಲ ಅಂತ ಒಂದೇ ಸಲ ಯೋಳಿದ್ಲು. ಆಮೇಲೆ ನನ್ ಮೊಕ ನೋಡಿದ್ಲು ಅಷ್ಟೆ" ಅಂದ. "ಈಗ ಯೋಳಿದ್ರೆ ಪ್ರೇಮ ನೀರಿಗೆ ಇಳೀತಾಳಾ? ನನ್ ಬಾಯಿ ನಂಬ್ಕೊಂಡೇ ಅವಳು ಬತ್ತಾ ಇರಾದು."

ನನಗೆ ತಿಳಿದದ್ದು ಒಂದೇ ಸಂಗತಿ. ಅದನ್ನೇ ಹೇಳಿದೆ.

ಏಳು ವರ್ಷದವಳಿದ್ದಾಗ ತಾತ ಕೈಯಾರೆ ವಚನ ಬರೆದಿಟ್ಟಿದ್ದ ಪುಸ್ತಕದ ಹಾಳೆ ಹರಿದು ದೋಣಿ ಮಾಡಿ ಮೋರಿಯಲ್ಲಿ ಬಿಟ್ಟಿದ್ದೆ. ಹೆದರಿ ನಾಲ್ಕು ದಿನ ಪಕ್ಕದ ಚಿಕ್ಕಮ್ಮನ ಮನೆಯಲ್ಲೇ ಉಂಡೆ. ತಾತ ನನ್ನನ್ನು ಬಿಟ್ಟ, ಇನ್ನು ಕರೆಯುವುದಿಲ್ಲ ಅಂತ ಅಳುತ್ತಿದ್ದೆ. ಐದನೆಯ ದಿನ ಕಿಟಕಿಯಿಂದ ಇಣುಕಿದರೆ ತಾತನ ಎಡಗಡೆ ನನ್ನ ತಟ್ಟೆ. ಮುದ್ದೆ ಇಕ್ಕಿತ್ತು. ತಾತ ಬಾಗಿಲು ನೋಡಿಕೊಂಡು ಕೂತಿದ್ದ, ತುತ್ತು ಮುರಿದಿರಲಿಲ್ಲ. ನಾಲ್ಕು ದಿನವೂ ಹಾಗೇ ಇಕ್ಕಿದ್ದರಂತೆ. ಅಜ್ಜಿ ಆಮೇಲೆ ಹೇಳಿದಳು.

"ಮೊಮ್ಮಗಳಲ್ಲ ಅಂತ ತಾತ ಒಂದು ದಿನಾನೂ ಅಂದಿರ್ನಿಲ್ಲ ಕಣೋ ಬೆಟ್ಟ. ಆದ್ರೆ ಆ ನಾಲ್ಕು ದಿನದ ಮುದ್ದೆ ನನಗೆ ಸಿಕ್ಕಲಿಲ್ಲ. ತಾತನ ಜೊತೆ ಮಾತೂ ಸಿಕ್ಕಲಿಲ್ಲ. ಪಾಪ ಮಾಡೋದು ಅಷ್ಟನ್ನ. ಅದೇನು ಸಣ್ಣದಲ್ಲ."

"ಎತ್ತೋರಿಲ್ಲ ಅಂತಲ್ವಾ ಅಂಗಾರೆ?"

"ಎತ್ತೋರಿಲ್ವೋ, ನೀನೇ ಅಲೋ ಅನ್ನದೆ ಇಟ್ಬುಟ್ಯೋ, ನೋಡ್ಕೋ."

ಅವನು ನಗಲಿಲ್ಲ. ಹೇಳುತ್ತೇನೆ ಅಂತಲೂ ಅನ್ನಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಹೋದ.

ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಮಿನಿಬಸ್ಸು ತುಂಬಿತ್ತು. ಉಪ್ಪಿಟ್ಟಿನ ಡಬರಿ, ಬದಲಾಯಿಸುವ ಬಟ್ಟೆಯ ಚೀಲಗಳು, ಡೋಲಕ್. ಪ್ರೇಮಮ್ಮ ಬಿಳಿ ಸೀರೆ ಉಟ್ಟು ಕಿಟಕಿ ಪಕ್ಕ ಕೂತಿದ್ದಳು. ಒಂದು ಜಾಗದಲ್ಲಿ ಕೂರಲಾರಳು. ಹುಣಸೂರು ದಾಟುವಷ್ಟರಲ್ಲಿ ನೀರು ತಣ್ಣಗಿರುತ್ತದಾ ಅಂತ ನಾಲ್ಕು ಜನರನ್ನು ಕೇಳಿದಳು. ಅವಳ ಪಕ್ಕದ ಮನೆಯ ನಂಜಣ್ಣನೂ ವಿಭೂತಿ ಇಟ್ಟುಕೊಂಡು, ಮಡಿಲಲ್ಲಿ ಬಾಳೆಗೊನೆ ಇಟ್ಟುಕೊಂಡು ಬಂದಿದ್ದ. "ನಮ್ ಪ್ರೇಮನ್ನ ಒಳೆ ಎತ್ಕೊಂಡೋದ್ರೆ ಎಳ್ಕಳಾಕೆ ಒಬ್ಬ ಗಂಡ್ಸು ಬೇಡ್ವಾ? ನಿಮ್ ಅಯ್ನೋರು ಬಲ್ ಸಣಕ್ಲು" ಅಂದು ಬಸ್ಸನ್ನೇ ನಗಿಸಿದ. ಪ್ರೇಮಮ್ಮನ ಬಲವಂತಕ್ಕೆ ಆಶಾರಾಣಿಯೂ ಬಂದಿದ್ದಳು. ಹಿಂದಿನ ಸೀಟಲ್ಲಿ ಕೂತಿದ್ದವಳು ನಗಲಿಲ್ಲ. ಬೆಟ್ಟಸ್ವಾಮಿ ಡ್ರೈವರ್ ಪಕ್ಕ, ಬೆನ್ನು ನಮ್ಮ ಕಡೆ. ಕೆ.ಆರ್. ನಗರದವರೆಗೂ ಎಲ್ಲರೂ ಹಾಡಿದರು. ನಾನೂ ಹಾಡಿದೆ. ನನ್ನ ಎದೆ ಮಾತ್ರ ಡೋಲಕ್‌ಗಿಂತ ಮುಂದೆ ಓಡುತ್ತಿತ್ತು.

ಹೊಳೆ ಇಳಿದಿತ್ತು. ಬಿಸಿಲು ನೀರಿನ ಮೇಲೆ ಕುಣಿಯುತ್ತಿತ್ತು. ನಾಲ್ಕು ತಾಲೂಕಿನ ಜನ ದಂಡೆಯಲ್ಲಿ ಸೇರಿದ್ದರು. ಅಯ್ಯನೋರು ಶಶಿಕುಮಾರ್ ಪ್ರೇಮಮ್ಮನ ಕೈ ಹಿಡಿದು ಸೊಂಟದಷ್ಟು ನೀರಿಗೆ ಇಳಿಸಿದರು. ತಣ್ಣೀರು ತಾಕಿ ಅವಳು ಚಿಕ್ಕ ಹುಡುಗಿಯ ಹಾಗೆ ಕಿಲಕಿಲ ಅಂದಳು.

"ಹೇಳಪ್ಪ ಬೆಟ್ಟಸ್ವಾಮಿ" ಅಂದರು ಅಯ್ಯನೋರು.

ಒಂದನೇ ಸಾಲು. ಎರಡನೇ ಸಾಲು. ಮೂರನೆಯದಕ್ಕೆ ಬಾಯಿ ತೆರೆದ. ನಿಂತ. ಜನ ಕಾದರು. ನಾನು ತುಟಿ ಆಡಿಸಿ ತೋರಿಸಬಹುದಿತ್ತು. ಆಡಿಸಲಿಲ್ಲ.

"ಈ ಸಾಲು ನಂದೇ" ಅಂದ ಬೆಟ್ಟಸ್ವಾಮಿ. "ನಂಜಣ್ಣ, ನಿನ್ ಸೊಪ್ಪು ಕೆಡ್ಸಿದ್ದು ಆಸಾ ಅಲ್ಲ. ನಾನು. ಈ ಕೀರ್ತನೆ ಕಲೀತಾ ಕಲೀತಾ ಅಷ್ಟೂ ಸೌದೆ ಒಲೆಗೆ ತುರುಕ್ಬುಟ್ಟೆ. ಆಮೇಲೆ ಅವಳ ಮ್ಯಾಲೆ ಎತ್ತಾಕ್ದೆ. ಆಸಾ, ನೀನು ಸುಳ್ಳಾಡಿರ್ನಿಲ್ಲ. ನಾನು ಆಡಿದ್ದೆ."

ಪ್ರೇಮಮ್ಮ ಅಯ್ಯನೋರ ಕೈ ಬಿಡಿಸಿಕೊಂಡಳು. ನೀರು ಸೀಳಿಕೊಂಡು, ಸೀರೆ ಕಾಲಿಗೆ ಸುತ್ತಿಕೊಳ್ಳುತ್ತಿದ್ದರೂ, ದಂಡೆ ಹತ್ತಿ ಬಂದಳು. ಒಂಬತ್ತು ವರ್ಷ ಕಾದದ್ದು ಹೋಯಿತು ಅಂದುಕೊಂಡೆ ನಾನು.

ಅವಳು ಗಂಡನ ಎದುರು ನಿಂತಳು. "ಹದಿನೈದು ದಿನದಿಂದ ನೀನು ಉಣ್ಣೋವಾಗ ನನ್ ಮೊಕ ನೋಡ್ದೆ ಇದ್ದುದ್ದು ಇದ್ಕಾ?"

"ಊಂ."

"ನಿನ್ ದೇವ್ರ ಜೊತೆ?"

"ಅಲ್ಲೂ ಮೊಕ ಎತ್ತಕಾಯ್ತಿರ್ನಿಲ್ಲ."

"ಈಗ?"

ಬೆಟ್ಟಸ್ವಾಮಿ ಹೊಳೆ ಕಡೆ ತಿರುಗಿ ಕಣ್ಣು ಮುಚ್ಚಿದ. ಅವನ ತುಟಿ ಆಡಿದ್ದು ಕಂಡಿತು. ಏನು ಹೇಳಿದನೋ ಕೇಳಲಿಲ್ಲ. ಕಣ್ಣು ತೆರೆದಾಗ ಕೆನ್ನೆ ಒದ್ದೆಯಾಗಿತ್ತು. ಮುಖ ಮಾತ್ರ, ಮೊದಲ ಸಲ ಅವನು ನಮ್ಮ ಸಭೆಗೆ ಬಂದ ದಿನದ ಮುಖ.

"ಅಲ್ಲೇ ಅವ್ನೆ ಕಣೇ" ಅಂದ. "ಎಲ್ಗೂ ಓಗಿರ್ನಿಲ್ಲ. ನಾನೇ ಅತ್ತಾಗಿ ತಿರುಗಿದ್ದೆ."

ಪ್ರೇಮಮ್ಮ ನನ್ನ ಕಡೆ ತಿರುಗಿದಳು.

"ಅಕ್ಕ, ಒಂಬತ್ತು ವರ್ಸ ನಾನು ಬಾಗ್ಲಲ್ಲೇ ನಿಂತಿದ್ದು ಯಾಕೆ ಗೊತ್ತಾ? ಒಳಕ್ಕೆ ಬಂದ್ ಮ್ಯಾಕೆ ತಪ್ಪಿದ್ರೆ ಆಚೆಗೆ ದಬ್ತಾನೇನೋ ಅಂತ. ಈಯಪ್ಪನ್ನೇ ದಬ್ನಿಲ್ವಲ್ಲ."

ಅಲ್ಲಿಗೆ ಮುಗಿಯಲಿಲ್ಲ. ಒದ್ದೆ ಸೀರೆಯಲ್ಲೇ ಆಶಾರಾಣಿಯ ಹತ್ತಿರ ಹೋಗಿ, "ನೀನು ಊಂ ಅಂದ್ರೇನೇ ನಾನು ನೀರಿಗೆ ಓಗಾದು" ಅಂದಳು. ಆ ಹುಡುಗಿ ಬೆಟ್ಟಸ್ವಾಮಿಯನ್ನು ನೋಡಿದಳು. ಅವನು ಈ ಸಲ ನೆಲ ನೋಡಲಿಲ್ಲ.

"ಮುಂದಿನ್ ಬ್ಯಾರನ್ ನಾನು ಬೇಯಿಸ್ತೀನಿ" ಅಂದಳು ಆಶಾರಾಣಿ, ಮಾವನಿಗೂ ಕೇಳಿಸುವ ಹಾಗೆ. "ಬೆಟ್ಟಣ್ಣ ಸೌದೆ ಹೊರ್ಲಿ. ಕೀರ್ತನೆ ಯೋಳಂಗಿದ್ರೆ ಒಲೆಯಿಂದ ನೂರು ಮಾರು ಆಚೆ."

ನಂಜಣ್ಣನ ಮುಖ ಇನ್ನೂ ಗಂಟಾಗಿತ್ತು. ಕೆಟ್ಟದ್ದು ಅವನ ಸೊಪ್ಪು. ಬೆಟ್ಟಸ್ವಾಮಿಯನ್ನು ಮೇಲಿಂದ ಕೆಳಗೆ ನೋಡಿ, "ನಿನ್ ತಾವ ಆಮೇಲೆ ಮಾತಾಡ್ತೀನಿ ಕಣ್ಲಾ" ಅಂದ. ಸೊಸೆಯ ಕಡೆ ತಿರುಗಿ, ಗೊನೆಯಿಂದ ಎರಡು ಹಣ್ಣು ಕಿತ್ತು ಅವಳ ಕೈಗೆ ಕೊಟ್ಟ. "ನಿಂದೇ ಬುಡವ್ವ ಇನ್ನು ಬ್ಯಾರನ್ನು" ಅಂದ.

ಪ್ರೇಮಮ್ಮ ಆಗಲೇ ನೀರಿಗೆ ಓಡುತ್ತಿದ್ದಳು. ಅಯ್ಯನೋರೇ ಹಿಂದೆ ಬಿದ್ದರು.

ಬೆಟ್ಟಸ್ವಾಮಿ ಮೂರನೆಯ ಸಾಲನ್ನು ಹೇಳಿದ, ಎಲ್ಲಿಯೂ ತಡೆಯದೆ. ನಾಲ್ಕು, ಐದು, ಆರು ಬಂದವು. ಏಳಕ್ಕೆ ಬಂದು ಮತ್ತೆ ನಿಂತ. ಈ ಸಲ ಕಣ್ಣು ಆಕಾಶ ನೋಡಿತು. ನಿಜವಾಗಿಯೂ ಮರೆತಿದ್ದ. ನಾನು ತುಟಿ ಬಿಚ್ಚುವ ಮೊದಲೇ ಹೊಳೆಯಿಂದ ಒಂದು ದನಿ ಏಳನೆಯ ಸಾಲನ್ನು ಎತ್ತಿಕೊಂಡಿತು. ಅವನು ಪುಸ್ತಕ ಹಿಡಿದು ಓದುವುದನ್ನು ಹದಿನೈದು ದಿನ ಅಡಿಗೆಮನೆಯಿಂದ ಕೇಳಿ ಕೇಳಿ ಪ್ರೇಮಮ್ಮನಿಗೆ ಎಲ್ಲ ಬಾಯಿಗೆ ಬಂದಿತ್ತು. ಗಂಡ ದಂಡೆಯ ಮೇಲೆ, ಹೆಂಡತಿ ನೀರಿನಲ್ಲಿ, ಇಬ್ಬರೂ ಸೇರಿ ಹನ್ನೊಂದನೆಯ ಸಾಲಿನವರೆಗೂ ಹೇಳಿದರು. ಕೊನೆಯ ಪದ ಅವಳ ಬಾಯಲ್ಲಿ ಇರುವಾಗಲೇ ಅಯ್ಯನೋರು ಅವಳನ್ನು ನೀರಿನೊಳಗೆ ಮುಳುಗಿಸಿದರು.